ಭರಮಪ್ಪನ ಮರುಗುಂಡು

ಲೋಂಡಾದ ಕಾಡಿನಂಚಿನಲ್ಲಿ ಕಾಡುಹಂದಿಯಿಂದ ಗದ್ದೆ ಕಾಯುವವರಿಗೆ ಒಂದು ರೂಢಿಯಿತ್ತು. ಹೊತ್ತು ಮುಳುಗುವಾಗ ಅಟ್ಟ ಹತ್ತಿ ಒಬ್ಬ ಬಂದೂಕಿನಿಂದ ಬರೀ ಮದ್ದು ಹಾರಿಸಬೇಕು, ಬಾಜೂ ಗದ್ದೆಯವನು ತನ್ನದನ್ನು ಹಾರಿಸಿ ಉತ್ತರ ಕೊಡಬೇಕು. ಹಂದಿ ಓಡುತ್ತಿದ್ದವೋ ಬಿಡುತ್ತಿದ್ದವೋ, ಮುದುಕ ಲಕ್ಷ್ಮಪ್ಪನಿಗಂತೂ ಹಳ್ಳದಾಚೆಯ ಗದ್ದೆಯಿಂದ ಗೆಳೆಯ ಭರಮಪ್ಪನ ಬಂದೂಕಿನ ಢಂ ಸದ್ದು ಕೇಳಿದ ಮೇಲೆಯೇ ರೊಟ್ಟಿಗಂಟು ಬಿಚ್ಚುವ ಮನಸ್ಸಾಗುತ್ತಿತ್ತು. ಹೆಂಡತಿ ತೀರಿದ ಮೇಲೆ ದಿನಕ್ಕೊಮ್ಮೆ ಅವನನ್ನು ಮಾತಾಡಿಸುತ್ತಿದ್ದದ್ದು ಅದೊಂದೇ.

ಚುನಾವಣೆ ಬಂತು. ಬಂದೂಕುಗಳೆಲ್ಲ ಎಂದಿನಂತೆ ಖಾನಾಪುರದ ಠಾಣೆ ಸೇರಿದವು. ಮುಗಿದ ಮೇಲೆ ತರಲು ಹೋದರೆ ಕಾಯ್ದೆ ಬಿಗಿಯಾಗಿದೆ, ಲೈಸೆನ್ಸಿನ ಅವಧಿಯೂ ತೀರಿದೆ, ಬೆಳೆ ಕಾಯಲು ಬಂದೂಕೇ ಬೇಕೆಂದು ತೋರಿಸದೆ ನವೀಕರಣವಿಲ್ಲ ಎಂದರು. ಇಬ್ಬರೂ ಅರ್ಜಿ ಕೊಟ್ಟರು, ತಿರಸ್ಕಾರವಾಯಿತು. ಇನ್ನು ಬೆಳಗಾವಿಯಲ್ಲಿ ಅಪೀಲು ಒಂದೇ ದಾರಿ.

"ನೀ ಮುಂದ ಹೋಗಪಾ," ಎಂದ ಭರಮಪ್ಪ. "ನಿಂದಾದ್ರ ನಂದೂ ಆಗ್ತೈತಿ."

ಲಕ್ಷ್ಮಪ್ಪ ಬೆಳಗಾವಿ ಹಿಂದವಾಡಿಯ ವಕೀಲ ಶಶಿಧರನ ಬೆನ್ನು ಹತ್ತಿದ. ಇಡೀ ಮಳೆಗಾಲ ಓಡಾಡಿದ. ವಿಚಾರಣೆಯ ದಿನ ವಕೀಲ ಬಾಗಿಲಲ್ಲೇ ತಾಕೀತು ಮಾಡಿದ.

"ಅಜ್ಜಾರ, ಬರೇ ಹಂದಿ ಸುದ್ದಿ ಹೇಳ್ರಿ. ಭರಮಪ್ಪನ ಸುದ್ದಿ ತಗದ್ರ ಕೇಸ್ ಕೆಟ್ಟಂಗ. ಗೆಳ್ಯಾನ್ನ ಮಾತಾಡ್ಸಾಕ ಯಾರೂ ಲೈಸೆನ್ಸ್ ಕೊಡೂದಿಲ್ಲ."

ಒಳಗೆ ಅಪೀಲು ವಿಚಾರಿಸುವ ಸಾಹೇಬರು ಕೇಳಿದರು: "ಇಲ್ಲಿವರೆಗೆ ಎಷ್ಟು ಹಂದಿ ಹೊಡೆದಿರಿ?"

"ಒಂದೂ ಇಲ್ರೀ."

ವಕೀಲ ಕೆಮ್ಮಿದ.

"ಮತ್ತೆ ಬಂದೂಕು ಯಾಕೆ?"

"ಸಪ್ಪಳಕ್ರೀ."

"ಸಪ್ಪಳಕ್ಕೆ ಪಟಾಕಿ ಸಾಲದೇನು?"

"ಪಟಾಕಿ ಯಾರ ಬೇಕಾದ್ರೂ ಹಚ್ತಾರ್ರೀ ಸಾಹೇಬ್ರ," ಎಂದ ಲಕ್ಷ್ಮಪ್ಪ. ಭರಮಪ್ಪನ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿದ.

ಅವನ ಮಾತಿನಿಂದಲ್ಲ, ಹಾಳಾದ ಭತ್ತದ ಪಂಚನಾಮೆಯಿಂದ ಕೇಸ್ ಗೆದ್ದಿತು. ಅವನ ಮಾತು ಕೇಳದೆಯೇ ಮೊದಲು ತಿರಸ್ಕರಿಸಿದ್ದು ತಪ್ಪೆಂದೂ ಆದೇಶವಾಯಿತು. ಅದೇ ಆದೇಶ ತೋರಿಸಿ ಭರಮಪ್ಪನೂ ಇಷ್ಟೊತ್ತಿಗೆ ತನ್ನದನ್ನು ಬಿಡಿಸಿ ತಂದಿರುತ್ತಾನೆಂದು ಲಕ್ಷ್ಮಪ್ಪ ನಂಬಿದ್ದ.

ಬಂದೂಕು ಹೆಗಲೇರಿಸಿ ಬಂದ ದಿನ ಲಕ್ಷ್ಮಪ್ಪ ಮನೆಗೂ ಹೋಗದೆ ಅಟ್ಟ ಹತ್ತಿದ. ಹೊತ್ತು ಮುಳುಗಿತು. ಹಾರಿಸಿದ. ಸದ್ದು ಕಾಡಿಗೆ ಬಡಿದು ಅಡಗಿತು. ಭರಮಪ್ಪನ ಮದ್ದು ನೆನೆದಿರಬೇಕು, ತುಂಬಲು ತಡವಾಗಿರಬೇಕು ಎಂದು ಕಿವಿಗೊಟ್ಟು ಕೂತ. ಕೊನೆಗೆ ಕೆಳಗಿಳಿದು ಹಳ್ಳ ದಾಟಿದ.

ಭರಮಪ್ಪ ಮನೆಯೊಳಗೆ ಟಿವಿ ಮುಂದೆ ಕಾಲು ಚಾಚಿ ಕೂತಿದ್ದ.

"ಕೇಳ್ತಲೇ, ಕೇಳ್ತು. ಗೆದ್ದ್ಯಲಾ ಮಗನ!"

"ಕೇಳಿದ್ರ ಉತ್ರ ಯಾಕ ಕೊಡ್ಲಿಲ್ಲ?"

"ಯಾವುದ್ರಿಂದ ಕೊಡ್ಲೋ? ನನ್ ಬಂದೂಕ ಅರ್ಜಿ ತಿರಸ್ಕಾರ ಆದಾಗ ಸರಕಾರಕ್ಕ ಬಿಟ್ಟಕೊಟ್ಟೆ. ಬ್ಯಾಟ್ರಿ ಕರೆಂಟಿನ ತಂತಿಬೇಲಿ ಹಾಕ್ಸೀನಿ, ಗದ್ದಿ ಅದ ಕಾಯ್ತೈತಿ."

"ನನ್ನ ಮುಂದ ಒಂದ ಮಾತು ಹೇಳ್ಲಿಲ್ಲಲ್ಲೋ."

"ಹೇಳಿದ್ರ ನೀನೂ ಬಿಟ್ಟಕೊಡ್ತಿದ್ದಿ. ನಿಂದರ ಉಳೀಲಿ ಅಂದೆ."

"ನಂದೊಂದ ಉಳದು ಏನ್ ಮಾಡೂದೈತಿ?"

"ಹಂದಿ ಕಾಯಿ!" ಭರಮಪ್ಪ ನಕ್ಕ. ಲಕ್ಷ್ಮಪ್ಪ ನಗಲಿಲ್ಲ. ಒಳಗಿನಿಂದ ಭರಮಪ್ಪನ ಹೆಂಡತಿ ಕಾಡವ್ವ ಕೂಗಿದಳು: "ಅಣ್ಣಾ, ಕುಂದರ್ರಿ, ಉಂಡ ಹೋಗ್ರಿ."

"ಇಲ್ಲವ್ವಾ, ಗದ್ದಿ ಖಾಲಿ ಬಿಟ್ಟ ಬಂದೀನಿ."

ಮತ್ತೆ ಅಟ್ಟ ಹತ್ತಿದ. ಬಂದೂಕು ತೊಡೆಯ ಮೇಲಿತ್ತು, ತುಂಬಲಿಲ್ಲ. ಹಳ್ಳದಾಚೆ ತಂತಿಬೇಲಿಯ ಬ್ಯಾಟರಿ ಪೆಟ್ಟಿಗೆಯಲ್ಲಿ ಕೆಂಪು ದೀಪವೊಂದು ಮಿನುಗುತ್ತಿತ್ತು. ಅದನ್ನೇ ನೋಡುತ್ತ ಕೂತವನು ತಟ್ಟನೆ ಎದ್ದು, ಗಂಟಲು ಹರಿಯುವಂತೆ ಕೂಗಿದ.

"ಏ ಭರಮ್ಯಾ!"

ಅಟ್ಟದ ಕೆಳಗೆ ಅವನದೇ ಗದ್ದೆಯ ಭತ್ತದೊಳಗಿಂದ ಹಂದಿಗಳು ದಡಬಡ ಎದ್ದು ಕಾಡಿಗೆ ಓಡಿದವು.