ಮಾತು ಕೇಳದವನ ಡಬ್ಬಿ

ಹೆಂಡತಿ ತೀರಿಕೊಂಡ ಮೇಲೆ ನಾನು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದೆ. ಮಗಳು ಸರ್ವೆಯರ್, ರಜೆಯಲ್ಲೂ ನೆಲ ಅಳೆಯುವ ಚಪಲ ಬಿಡದವಳು. ಅವಳಿಗೊಂದು ಆಟವಿದೆ. ಎಲ್ಲಾದರೂ ಒಂದು ಡಬ್ಬಿ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾಳೆ. ಗುರುತಿಲ್ಲದ ಜನ ಫೋನು ಹಿಡಿದು ಹುಡುಕಿಕೊಂಡು ಬಂದು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ದೊಡ್ಡವರ ಕಣ್ಣಾಮುಚ್ಚಾಲೆ ಎಂದು ನಾನು ನಕ್ಕಿದ್ದೆ.

ಕಳೆದ ವರ್ಷ ಅಂಥದೊಂದು ಡಬ್ಬಿಯನ್ನು ಅವಳು ನಾನು ಹರೆಯದಲ್ಲಿ ದುಡಿದ ಸುಣ್ಣದ ಭಟ್ಟಿಯಲ್ಲಿಟ್ಟಳು. ಭಟ್ಟಿ ಆರಿ ನಲವತ್ತು ವರ್ಷವಾಯಿತು, ಈಗದು ಸ್ಮಾರಕ. ಡಬ್ಬಿಯ ಜೊತೆಗೊಂದು ಕಥೆ ಹಾಕಬೇಕಂತೆ. ಚಿಕ್ಕಪ್ಪನದನ್ನೇ ಹಾಕಲೇ ಎಂದು ಕೇಳಿದಳು. ಹೂಂ ಎಂದುಬಿಟ್ಟೆ.

ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಇದು. ಕಲ್ಲನ್ನೂ ಕಲ್ಲಿದ್ದಲನ್ನೂ ಭಟ್ಟಿಯ ಮೇಲಿನ ಬಾಯಿಂದ ಸುರಿದು, ಬೆಂದ ಸುಣ್ಣವನ್ನು ಬುಡದಲ್ಲಿ ಎಳೆದುಕೊಳ್ಳುತ್ತಿದ್ದೆವು. ಬಾಯಿಯ ಸುತ್ತಲಿನ ಕಟ್ಟೆ ಎಂಥ ಚಳಿಯಲ್ಲೂ ಬೆಚ್ಚಗಿರುತ್ತಿತ್ತು. ಆದರೆ ಅಲ್ಲಿ ಕೂರಬಾರದು. ಕಣ್ಣಿಗೂ ಮೂಗಿಗೂ ತಿಳಿಯದ ವಿಷಗಾಳಿ ಅಲ್ಲಿ ಏಳುತ್ತದೆ, ಜೊಂಪು ಹತ್ತಿದವನು ಮತ್ತೆ ಏಳುವುದಿಲ್ಲ. ಹದಿನೇಳು ವರ್ಷದ ನನ್ನ ತಮ್ಮ, ಅಣ್ಣನಾದ ನಾನು ಬೇಡವೆಂದರೂ ಮೇಲೆ ಹತ್ತಿ, ಅಲ್ಲಿಯೇ ಮಲಗಿ ಸತ್ತ. ಮಗಳು ಡಬ್ಬಿಗೆ 'ಮಾತು ಕೇಳದವನು' ಎಂದು ಹೆಸರಿಟ್ಟಳು.

ಮೊನ್ನೆ ಯಾರೋ ಪುಸ್ತಕ ಒದ್ದೆಯಾಗಿದೆ ಎಂದು ತಿಳಿಸಿದರು. ಬದಲಾಯಿಸಲು ಹೊರಟವಳು ನನ್ನನ್ನೂ ಎಬ್ಬಿಸಿಕೊಂಡು ಹೋದಳು. ತೋಳು ಹಿಡಿದು ಮೆಟ್ಟಿಲು ಹತ್ತಿಸಿ, ಮೇಲಿನ ಕಟ್ಟೆಯ ಕಲ್ಲಿನ ಸಂದಿಯಿಂದ ಡಬ್ಬಿ ತೆಗೆದು, ಹಳೆಯ ಪುಸ್ತಕವನ್ನು ನನ್ನ ಕೈಗಿತ್ತಳು. ಮೂವತ್ತೊಂದು ಜನ ಬಂದುಹೋಗಿದ್ದರು. ಒಬ್ಬರು 'ಪಾಪ' ಎಂದಿದ್ದರು. ಇನ್ನೊಬ್ಬರು ತಮ್ಮ ಮಗನಿಗೂ ಓದಿ ಹೇಳಿದ್ದರಂತೆ, ಇನ್ನಾದರೂ ಬುದ್ಧಿ ಬರಲಿ ಎಂದು. ಮತ್ತೊಬ್ಬರು, 'ಹಟಮಾರಿಗಳಿಗೆ ಇದೇ ಗತಿ' ಎಂದು ಬರೆದು ಪಕ್ಕದಲ್ಲಿ ನಗುಮುಖ ಬಿಡಿಸಿದ್ದರು.

ನಮ್ಮಮ್ಮನೂ ಸಾಯುವವರೆಗೆ ಆ ಹುಡುಗನನ್ನು ಬೈದುಕೊಂಡೇ ಅತ್ತಳು. ಅವಳ ಬಾಯಿಗೆ ಆ ಮಾತು ಕೊಟ್ಟವನು ನಾನು.

ಅಂದು ಅವನು ನನಗೆ ಊಟ ತಂದಿದ್ದ. ಮಳೆಯಲ್ಲಿ ತೊಯ್ದು ಹಲ್ಲು ಕಟಕಟ ಎನ್ನುತ್ತಿತ್ತು. "ಮೇಲೆ ಹೋಗಿ ಮೈ ಕಾಯಿಸ್ಕೋ. ನಾನು ಕರೆಯೋವರೆಗೂ ಇಳೀಬೇಡ" ಎಂದೆ. ಐದು ನಿಮಿಷದ ಮಾತು ಎಂದುಕೊಂಡಿದ್ದೆ. ಅಷ್ಟರಲ್ಲಿ ಬುಡದಲ್ಲಿ ಸುಣ್ಣ ಕಟ್ಟಿಕೊಂಡಿತು. ಅದನ್ನು ಬಿಡಿಸಿ, ಜೊತೆಯವರೊಡನೆ ಚಹಾಕ್ಕೆ ಕೂತು, ಹರಟೆಯಲ್ಲಿ ಅವನನ್ನು ಮರೆತೆ. ಮ್ಯಾನೇಜರು ಕೇಳಿದಾಗ, ಬೇಡ ಅಂದಿದ್ದೆ ಸಾರ್ ಎಂದು ನನ್ನ ಬಾಯಿ ತಾನಾಗಿ ಹೇಳಿತು. ಐವತ್ತೆರಡು ವರ್ಷ ದೇವರಲ್ಲಿ ಕ್ಷಮೆ ಬೇಡಿದ್ದೇನೆ. ದೇವರ ಮುಂದೆ ಒಪ್ಪಿಕೊಳ್ಳುವುದು ಸುಲಭ, ಅವನು ಯಾರಿಗೂ ಹೇಳುವುದಿಲ್ಲ.

ಮಗಳ ಪೆನ್ನು ಕೇಳಿದೆ. ಹೆಸರು, ತಾರೀಖು ಅಷ್ಟೇ ಸಾಕು ಅಪ್ಪ, ರಾಮಾಯಣ ಬರೀಬೇಡ ಎಂದು ನಕ್ಕಳು. ಹೊಸ ಪುಸ್ತಕದ ಮೊದಲ ನಾಲ್ಕು ಪುಟ ತುಂಬಿಸಿ ಅವಳ ಕೈಗೆ ಕೊಟ್ಟೆ.

ಅವಳು ನಿಂತೇ ಓದಿದಳು. ಓದಿ ಮುಗಿದ ಮೇಲೂ ಪುಟದಿಂದ ಕಣ್ಣೆತ್ತಲಿಲ್ಲ.

"ಅಜ್ಜಿಗೆ ಹೇಳಬಹುದಿತ್ತು" ಎಂದಳು.

"ಹೇಳಬಹುದಿತ್ತು."

"ಅಮ್ಮನಿಗೆ?"

ನಾನು ತಲೆಯಾಡಿಸಿದೆ. ಇಲ್ಲ, ಅವಳಿಗೂ ಇಲ್ಲ.

ಮಗಳು ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡಬ್ಬಿಯ ಮುಚ್ಚಳ ಒತ್ತಿ, ಸಂದಿಯೊಳಗೆ ತಳ್ಳಿದಳು. ಆಮೇಲೆ ಫೋನು ತೆಗೆದು, ಈ ಹೆಸರು ಇನ್ನು ಇರೋದು ಬೇಡ, ಏನಂತ ಇಡಲಿ ಎಂದು ಕೇಳಿದಳು.

"ಮಾತು ಕೇಳಿದವನು ಅಂತ ಬರಿ" ಎಂದೆ.

ಅವಳು ಬರೆದಳು. ಹತ್ತುವಾಗ ನನ್ನ ತೋಳು ಹಿಡಿದಿದ್ದವಳು ಇಳಿಯುವಾಗ ಮುಂದೆ ನಡೆದಳು. ನಾನು ಕಲ್ಲಿನ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಗೋಡೆ ತಣ್ಣಗಿತ್ತು.