ಗಿರಗಿರ ಹಿಡಿದ ಟವರ್

ಇದು ನಡೆದದ್ದೇ. ಸುಳ್ಳಾದರೆ ಇವತ್ತಿನಿಂದ ನನ್ನ ಬಾಯಿಗೆ ಮಿರ್ಚಿ ಭಜಿಯ ಖಾರವೇ ಹತ್ತದಿರಲಿ.

ಆನೆಗೊಂದಿ ಹೊಳೆಯಲ್ಲಿ ಬುಟ್ಟಿಯಂಥ ದುಂಡು ಹರಗೋಲು ಹಾಕುವ ಶಫೀಸಾಬನ ಹೆಮ್ಮೆಯೆಲ್ಲ ಅದನ್ನು ತಿರುಗಿಸುವುದರಲ್ಲಿ. ಅವನು ತಿರುಗಿಸಿದರೆ ಹತ್ತಿದವರು ಇಳಿದ ಮೇಲೂ ಸುತ್ತುತ್ತಲೇ ಇರುತ್ತಿದ್ದರು. ಒಬ್ಬನಂತೂ ಹಾಗೇ ಸುತ್ತುತ್ತ ಗಂಗಾವತಿ ಬಸ್‌ಸ್ಟ್ಯಾಂಡ್ ಮುಟ್ಟಿದ್ದ.

ಅವತ್ತು ಆಚೆ ದಂಡೆಯಲ್ಲಿ ಹತ್ತಿದವಳು ಮಲ್ಲೇಶ್ವರಿ. ಆನೆಗೊಂದಿಯಲ್ಲಿ ಅವಳ ತಮ್ಮನ ಕೂಸಿನ ತೊಟ್ಟಿಲು. ಕಿವಿಯಲ್ಲಿ ಕುರ್ರ್ ಎಂದು ಹೆಸರು ಕರೆಯಬೇಕಾದವಳು ಸೋದರತ್ತೆ, ಅಂದರೆ ಇವಳೇ. ವೇಳೆಗೆ ಸರಿಯಾಗಿ ಮುಟ್ಟಿಸುತ್ತೇನೆಂದು ಶಫೀಸಾಬ ಎದೆ ತಟ್ಟಿ ಹೇಳಿದ್ದ. ನಡುಹೊಳೆಗೆ ಬರುವಷ್ಟರಲ್ಲಿ ಡ್ಯಾಮಿನಿಂದ ಬಿಟ್ಟ ನೀರು ಏರಿ ಬಂತು. ಹರಗೋಲನ್ನು ಬಂಡೆಗಳ ಮರೆಯ ಮಡುವಿಗೆ ನುಗ್ಗಿಸಿ ಜೀವ ಉಳಿಸಿದ. ಆದರೆ ನೀರು ಇಳಿಯುವವರೆಗೆ ಅಲ್ಲಿಂದ ಕದಲುವಂತಿರಲಿಲ್ಲ.

ಮಲ್ಲೇಶ್ವರಿಯ ಫೋನಿನಲ್ಲಿ ಟವರಿನ ಒಂದೇ ಒಂದು ಕಡ್ಡಿ ಕಂಡಿತು. ತಮ್ಮನಿಗೆ ಫೋನ್ ಹಚ್ಚಿದಳು. ಮುಹೂರ್ತ ಮೀರುತ್ತಿದೆ, ದೊಡ್ಡಪ್ಪನ ಮಗಳು ಅಮರಮ್ಮ ಹೆಸರಿಡಲು ಆಗಲೇ ತೊಟ್ಟಿಲ ಮೇಲೆ ಬಗ್ಗಿದ್ದಾಳೆ ಎಂದ ತಮ್ಮ. ಅಷ್ಟರಲ್ಲಿ ಹರಗೋಲು ಹೊರಳಿತು, ಕಡ್ಡಿ ಹೋಯಿತು.

"ಶಫಿಯಣ್ಣ, ಒಂದು ಗಳಿಗಿ ಅಲ್ಲಾಡದಂಗ ನಿಂದರಸ್ರಿ."

"ಹರಗೋಲು ನಿಂತದ್ದು ನಮ್ಮಜ್ಜನ ಕಾಲಕ್ಕೂ ಇಲ್ರಿ ಅಕ್ಕಾರ. ನಾ ತಿರುಗಸ್ತೀನಿ. ಎಷ್ಟು ಜೋರ ಅಂದ್ರ, ಟವರಿಗೆ ಬಿಟ್ಟು ಹೋಗಾಕ ಪುರುಸೊತ್ತು ಸಿಗಬಾರದು."

ಕೂಸಿಗೆಂದು ತಂದ ಬೆಳ್ಳಿ ಉಡದಾರವನ್ನು ಅವಳು ಆಂಟೆನಾದಂತೆ ಕೊಡೆಯ ತುದಿಗೆ ಸುತ್ತಿ, ಸ್ಪೀಕರ್ ಹಾಕಿದ ಫೋನನ್ನೂ ಕಟ್ಟಿ ಮೇಲೆತ್ತಿ, ಕಣ್ಣು ಮುಚ್ಚಿದಳು. ಶಫೀಸಾಬ ಹುಟ್ಟು ಹಾಕಿದ. ಮಡುವಿನ ಮೀನುಗಳು ತಲೆಸುತ್ತಿ ತೇಲಿದವು. ಒಂದು ಕಡ್ಡಿ ಎರಡಾಯಿತು, ನಾಲ್ಕಾಯಿತು. ಐದನೆಯದು ಫೋನಿನಲ್ಲಿ ಜಾಗ ಸಾಲದೆ ಕೊಡೆಯ ಮೇಲೆ ಕೂತಿತು.

ಫೋನ್ ಮತ್ತೆ ಹತ್ತಿತು; ಅತ್ತ ಅವಳ ತಮ್ಮ ತನ್ನ ಫೋನನ್ನು ಕೂಸಿನ ಕಿವಿಗೆ ಹಿಡಿದ. "ಕುರ್ರ್... ದಾನೇಶ್ವರಿ," ಎಂದಳು ಮಲ್ಲೇಶ್ವರಿ. ಕೂಸು ನಕ್ಕಿತು. ಹೆಸರು ಕರೆದ ಅತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಅತ್ತೆ ಹೊಳೆಯಲ್ಲಿ, ಬಗ್ಗಿ ನಿಂತವಳು ಅಮರಮ್ಮ. ಗುದ್ದುಗಳೆಲ್ಲ ಅವಳಿಗೇ ಬಿದ್ದವು.

ನೀರು ಇಳಿದ ಮೇಲೆ ಮಲ್ಲೇಶ್ವರಿಯನ್ನು ಮನೆ ಬಾಗಿಲವರೆಗೂ ಕರೆತಂದ ಶಫೀಸಾಬ, ಹೆಂಗಸರ ಮುಂದೆ ಬೆನ್ನು ಕೊಟ್ಟು ನಿಂತ. "ಗುದ್ರಿ. ಹೆಸರಿನ್ಯಾಗ ನಂದೂ ಪಾಲೈತಿ."

ಈಗ ನಿಮ್ಮ ಫೋನಿನಲ್ಲಿ ಕಾಣುವ ಕಡ್ಡಿಗಳೂ ಅವತ್ತು ಅವನು ಹಿಡಿದಿಟ್ಟವೇ. ನಂಬಿಕೆ ಇಲ್ಲವೇ? ಹಾಗಾದರೆ ಒಂದು ಪ್ಲೇಟ್ ಬಿಸಿ ಮಿರ್ಚಿ ತರಿಸಿ. ನನಗೆ ಖಾರ ಹತ್ತುತ್ತದೋ ಇಲ್ಲವೋ, ನೀವೇ ನೋಡಿ.