ಮಲ್ಲಂದೂರಿನವರ ಮೂಲೆ

ಚಿಕ್ಕಮಗಳೂರಿನ ಪೇಟೆ ಚೌಕದಲ್ಲಿ ಸಂತೆಯ ದಿನ ಒಂದೊಂದು ಊರಿನ ತೋಟದಾಳುಗಳಿಗೂ ಒಂದೊಂದು ಜಾಗವಿತ್ತು. ಯಾರೂ ಹಂಚಿಕೊಟ್ಟದ್ದಲ್ಲ, ನಿಂತು ನಿಂತು ಆದದ್ದು. ಅತ್ತಿಗುಂಡಿಯವರದು ಅರಳಿಕಟ್ಟೆ, ಮಲ್ಲಂದೂರಿನವರದು ಬಳೆಯಂಗಡಿಯ ಪಕ್ಕದ ಮೂಲೆ. ಮದುವೆ ಮಾಡಿಕೊಟ್ಟ ಮಗಳನ್ನು ನೋಡಬೇಕಾದರೆ ಅವಳ ಗಂಡನೂರಿನವರ ಜಾಗಕ್ಕೆ ಹೋಗಿ ನಿಂತರಾಯಿತು.

ಅತ್ತಿಗುಂಡಿಯ ಗಿಡ್ಡಮ್ಮ ಅಂದು ತನ್ನೂರಿನವರ ಕಟ್ಟೆಯತ್ತ ತಿರುಗಿಯೂ ನೋಡದೆ, ಈರುಳ್ಳಿ ಮೂಟೆಗಳನ್ನು ದಾಟಿಕೊಂಡು ಬಳೆಯಂಗಡಿಯ ಕಡೆ ನುಗ್ಗಿದಳು. ಮಲ್ಲಂದೂರಿನ ಕೂಲಿಯವರ ಲೈನು ಮನೆಗಳಿಗೆ ಚಳಿಜ್ವರ ಹೊಕ್ಕಿದೆ, ಹೆಣಗಳು ಬಿದ್ದಿವೆ ಎಂದು ಹಿಂದಿನ ದಿನ ಗಾಡಿಯವನೊಬ್ಬ ಹೇಳಿಹೋಗಿದ್ದ. ಅಲ್ಲಿದ್ದವಳು ಅವಳ ಒಬ್ಬಳೇ ಮಗಳು ಅಣ್ಣಮ್ಮ, ತುಂಬು ಬಸುರಿ.

ಮೂಲೆ ಖಾಲಿಯಿತ್ತು. ಕೋಳಿಯೊಂದು ಮಣ್ಣು ಕೆದಕುತ್ತಿತ್ತು.

"ಮಲ್ಲಂದೂರಿನವ್ರು ಬರ್ಲಿಲ್ವಾ?"

"ಎಲ್ಲಿಂದ ಬರ್ತಾರೆ? ತೋಟದ ದೊರೆ ಯಾರನ್ನೂ ಹೊರಗೆ ಬಿಡ್ತಿಲ್ವಂತೆ," ಎಂದಳು ಬಳೆಗಾರ್ತಿ ರುಕ್ಮಿಣಮ್ಮ. "ನನಗೂ ಬೋಣಿ ಆಗಿಲ್ಲ ಕಣವ್ವ."

 ಮಗಳು ಹೇಗಾದರೂ ಬಂದೇ ಬರುತ್ತಾಳೆ ಎಂದುಕೊಂಡು ಗಿಡ್ಡಮ್ಮ ನಿಂತಳು. ಚೌಕದ ತುಂಬ ಕೂಗಾಟ, ನಗು, ಚೌಕಾಸಿ. ಬಸುರಿ ಹೆಂಗಸರು ಕಂಡಾಗಲೆಲ್ಲ ಎರಡು ಹೆಜ್ಜೆ ಮುಂದೆ ಹೋಗಿ, ಮುಖ ನೋಡಿ ಹಿಂದಕ್ಕೆ ಬರುತ್ತಿದ್ದಳು. ಹೊತ್ತು ನೆತ್ತಿ ದಾಟಿದರೂ ಕಾಲು ಕೀಳಲಾಗಲಿಲ್ಲ.

ಆಗ ಅವಳದೇ ತೋಟದ ಭೂತಯ್ಯ ಏದುಸಿರು ಬಿಡುತ್ತ ಬಂದ.

"ಅಲ್ಲ ಮಾರಾಯ್ತಿ, ಇಲ್ಲಿ ಗೂಟ ಹೊಡ್ಕೊಂಡು ನಿಂತಿದೀಯಲ್ಲ! ನಿನ್ನ ಮಗಳು ಬೆಳಗ್ಗಿಂದ ನಮ್ಮ ಕಟ್ಟೇಲಿ ಕೂತು, ಅವ್ವ ಯಾಕೆ ಬರ್ಲಿಲ್ಲ, ಏನಾಯ್ತು ಅಂತ ನಮ್ಮ ತಲೆ ತಿಂತಿದಾಳೆ!"

ಗಿಡ್ಡಮ್ಮ ಸೆರಗು ಜಾರಿದ್ದನ್ನೂ ನೋಡದೆ ಓಡಿದಳು.

ಅರಳಿಕಟ್ಟೆಯ ಮೇಲೆ ಅಣ್ಣಮ್ಮ ಕಾಲು ಚಾಚಿ ಕೂತಿದ್ದಳು. ಅತ್ತು ಕಣ್ಣು ಊದಿದ್ದವು, ಮೈ ನೆಟ್ಟಗಿತ್ತು. ಗಿಡ್ಡಮ್ಮ ಅವಳ ಹಣೆ, ಕುತ್ತಿಗೆ, ಅಂಗೈ ಎಲ್ಲ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ.

"ನಿನ್ನೂರಿನವ್ರ ಜಾಗ ಬಿಟ್ಟು ಇಲ್ಯಾಕೆ ಬಂದು ಕೂತೆ, ಮುಂಡೇದೆ!"

"ಜ್ವರ ಬರೋಕೆ ಮುಂಚೇನೇ ನಮ್ಮನೇವ್ರು ನನ್ನ ಇಲ್ಲೇ ಪೇಟೇಲಿ ತಮ್ಮ ಚಿಕ್ಕಮ್ಮನ ಮನೇಲಿ ಬಿಟ್ಟಿದ್ರು. ಸಂತೆಗೆ ಒಬ್ಳೇ ಬಂದೆ. ಒಬ್ಳೇ ಬಂದ ಹೆಣ್ಣು ತೌರಿನವ್ರ ಜಾಗಕ್ಕಲ್ದೆ ಇನ್ನೆಲ್ಲಿಗೆ ಹೋಗ್ಬೇಕವ್ವ?"

ಅದು ಚೌಕದಲ್ಲಿ ಎಲ್ಲರಿಗೂ ಗೊತ್ತಿದ್ದ ರೂಢಿ. ಗಿಡ್ಡಮ್ಮ ತಾನೂ ಹೊಸದಾಗಿ ಮದುವೆಯಾದಾಗ ಹಾಗೆಯೇ ಮಾಡಿದ್ದಳು. ಗಾಬರಿಯಲ್ಲಿ ಒಂದೂ ನೆನಪಾಗಿರಲಿಲ್ಲ.

"ಇಷ್ಟೂ ಹೊಳೀಲಿಲ್ವಲ್ಲ ನಿಂಗೆ!" ಎಂದು ಭೂತಯ್ಯ ನಕ್ಕ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

"ನಗ್ರಪ್ಪ ನಗ್ರಿ," ಎಂದು ಗಿಡ್ಡಮ್ಮ ಕಣ್ಣೊರೆಸಿಕೊಂಡಳು. ಮಗಳನ್ನು ಮೊಣಕೈಯಿಂದ ತಿವಿದಳು.

"ಆ ಕಡೆ ಸರ್ಕೊಳ್ಳೇ. ನಾನೂ ಕೂತ್ಕೋತೀನಿ."